ತಿನ್ನದಿದ್ದರೂ ಸರಿ, ‘ಛೀ’ ಎನ್ನಬೇಡಿ

ಹೊರದೇಶದಲ್ಲಿ ಇದ್ದು ಬಂದವರು ಸಿಕ್ಕರೆ ನಮ್ಮ ಕಾಲೇಜಿನಲ್ಲಿ ಎಲ್ಲರೂ ಮೊದಲು ಕೇಳುವುದು ‘ಅಲ್ಲಿ ಏನೇನು ತಿಂದೆ?’ ಎಂದು. ಮಂದಿ, ಕಬ್ಸಾ, ಶವರ್ಮಾ ಎಂದರೆ ಕಣ್ಣರಳಿಸುತ್ತಾರೆ. ಒಣಗಿಸಿದ ಶಾರ್ಕ್ ಮೀನು ಎಂದ ಕೂಡಲೇ ಮೂಗು ಮುರಿದು ‘ಛೀ’ ಎನ್ನುತ್ತಾರೆ. ಶಾರ್ಕ್ ಅನ್ನು ಕಂಡಿಲ್ಲ, ಮುಟ್ಟಿಲ್ಲ, ಮೂಸಿಯೂ ನೋಡಿಲ್ಲ. ಆದರೂ ತೀರ್ಪು ಸಿದ್ಧವಾಗಿರುತ್ತದೆ.

ಈ ‘ಛೀ’ ಬಗ್ಗೆಯೇ ನಾನು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ನಮ್ಮಲ್ಲಿ ಅನೇಕರ ಅಬ್ಬಾ, ಮಾಮು, ಅಣ್ಣಂದಿರು ಕೊಲ್ಲಿ ದೇಶಗಳಲ್ಲಿದ್ದಾರೆ. ಬಿ.ಕಾಂ. ಮುಗಿಸಿದ ಮೇಲೆ ನಮ್ಮಲ್ಲೂ ಕೆಲವರು ಅತ್ತ ಹೋಗುತ್ತೇವೆ. ಅಲ್ಲಿ ಕಂಡರಿಯದ ಮೀನು ತಟ್ಟೆಗೆ ಬಂದಾಗ ಏನು ಮಾಡಬೇಕು? ನನ್ನ ಅಭಿಪ್ರಾಯ ಇಷ್ಟೇ. ‘ಇದು ನನಗೆ ಸಲ್ಲುತ್ತದೆಯೇ?’ ಎಂಬುದು ಒಂದು ಪ್ರಶ್ನೆ, ‘ಇದು ನನಗೆ ಹಿಡಿಸುತ್ತದೆಯೇ?’ ಎಂಬುದು ಇನ್ನೊಂದು ಪ್ರಶ್ನೆ. ಎರಡನ್ನೂ ಕಲಸಬಾರದು. ಮೊದಲನೆಯದಕ್ಕೆ ಧರ್ಮವೂ ಆರೋಗ್ಯವೂ ಉತ್ತರ ಹೇಳುತ್ತವೆ. ಎರಡನೆಯದಕ್ಕೆ ನಾಲಿಗೆ ಉತ್ತರ ಹೇಳಬೇಕು, ಅದೂ ಒಂದು ತುತ್ತು ತಿಂದ ಮೇಲೆ.

ಸಲಾಲದ ಸಮುದ್ರ

ನಮ್ಮ ಮನೆಮಾತು ಉರ್ದು. ಊರು ಸಮುದ್ರದಿಂದ ದೂರ. ಮೀನು ಎಂದರೆ ನಮಗೆ ಕೆರೆಯ ಕಟ್ಲ, ರೋಹು, ಜಿಲೇಬಿ. ಅಬ್ಬಾ ಒಮಾನ್ ದೇಶದ ಸಲಾಲದಲ್ಲಿ ಕಟ್ಟಡ ಸಾಮಗ್ರಿ ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಐದನೇ ತರಗತಿಯಿಂದ ಏಳನೇ ತರಗತಿವರೆಗೆ ನಾವೂ ಅವರ ಜೊತೆ ಅಲ್ಲಿದ್ದೆವು.

ಸಲಾಲ ಇರುವುದು ಒಮಾನಿನ ದಕ್ಷಿಣ ತುದಿಯ ದೋಫಾರ್ ಪ್ರಾಂತ್ಯದಲ್ಲಿ, ರಾಜಧಾನಿ ಮಸ್ಕತ್‌ನಿಂದ ಸುಮಾರು 1000 ಕಿಲೋಮೀಟರ್ ದೂರದಲ್ಲಿ. ಮರುಭೂಮಿಯನ್ನು ನಿರೀಕ್ಷಿಸಿ ಹೋದವರಿಗೆ ಅಲ್ಲಿ ತೆಂಗಿನ ಮರ, ಬಾಳೆ ತೋಟ ಕಾಣುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬೆಟ್ಟಗಳ ಮೇಲೆ ಸೋನೆ ಮಳೆ ಬಿದ್ದು ಎಲ್ಲವೂ ಹಸಿರಾಗುತ್ತದೆ. ಆ ಕಾಲವನ್ನು ಅವರು ‘ಖರೀಫ್’ ಎನ್ನುತ್ತಾರೆ. ನಮ್ಮ ರೈತರು ಖರೀಫ್ ಬೆಳೆ ಎನ್ನುತ್ತಾರಲ್ಲ, ಅದೇ ಅರಬಿ ಪದ. ನಮ್ಮ ಕರಾವಳಿಗೆ ಮಳೆ ತರುವ ಅದೇ ಗಾಳಿ ಅಲ್ಲಿನ ಕಡಲನ್ನೂ ಕೆರಳಿಸುತ್ತದೆ. ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಅಲ್ಲಿಯೂ ಆ ತಿಂಗಳುಗಳಲ್ಲಿ ಸಣ್ಣ ದೋಣಿಗಳು ದಡ ಸೇರಿರುತ್ತವೆ.

ಮಳೆಗಾಲ ಕಳೆದ ಮೇಲೆ ಅಲ್ಲಿನ ಕಡಲ ದಂಡೆಗೆ ಹೋದರೆ ಮರಳಿನ ಮೇಲೆ ಬೆಳ್ಳಿಯ ಹಾಳೆ ಹಾಸಿದಂತೆ ಮೀನು ಒಣಗುತ್ತಿರುತ್ತದೆ. ಅದು ಸಾರ್ಡೀನ್. ನಮ್ಮ ಮಂಗಳೂರು, ಉಡುಪಿ ಕಡೆಯವರು ಪ್ರಾಣ ಬಿಡುವ ಬೂತಾಯಿ ಮೀನು ಇದೇ ಜಾತಿಯದು. ಕರಾವಳಿಯಲ್ಲಿ ಬೂತಾಯಿ ಪುಳಿಮುಂಚಿ ಮಾಡಿ ಬೆರಳು ಚೀಪುತ್ತಾರೆ. ದೋಫಾರಿನಲ್ಲಿ ಅದನ್ನು ಮನುಷ್ಯರೂ ತಿನ್ನುತ್ತಾರೆ, ಒಣಗಿಸಿ ಒಂಟೆಗೂ ದನಕ್ಕೂ ಹಾಕುತ್ತಾರೆ. ಹುಲ್ಲು ಕಡಿಮೆಯಾದ ತಿಂಗಳುಗಳಲ್ಲಿ ಒಂಟೆಗೆ ಅದೇ ಪೌಷ್ಟಿಕ ಮೇವು. ಒಂದೇ ಮೀನು, ಅರಬ್ಬಿ ಸಮುದ್ರದ ಈ ದಡದಲ್ಲಿ ಹಬ್ಬದೂಟ, ಆ ದಡದಲ್ಲಿ ಒಂಟೆಯ ಮೇವೂ ಹೌದು. ಯಾವುದು ‘ಒಳ್ಳೆಯ’ ಮೀನು, ಯಾವುದು ‘ಕೀಳು’ ಮೀನು ಎಂಬುದನ್ನು ಮೀನು ತೀರ್ಮಾನಿಸುವುದಿಲ್ಲ, ಊರು ತೀರ್ಮಾನಿಸುತ್ತದೆ ಎಂದು ನನಗೆ ಅಲ್ಲೇ ಅನ್ನಿಸಿದ್ದು.

ಅವಾಲ್ ಎಂಬ ಒಣ ಶಾರ್ಕ್

ನಾವಿದ್ದ ಕಟ್ಟಡದ ಕೆಳಮನೆಯಲ್ಲಿ ಒಮಾನಿ ಕುಟುಂಬವೊಂದಿತ್ತು. ಆ ಮನೆಯ ಹಿರಿಯ ಹೆಂಗಸನ್ನು ನಾವು ‘ಖಾಲಾ’ ಎನ್ನುತ್ತಿದ್ದೆವು. ಅರಬಿಯಲ್ಲೂ ಉರ್ದುವಿನಲ್ಲೂ ತಾಯಿಯ ತಂಗಿ ಖಾಲಾಳೇ ಆದ್ದರಿಂದ ಹೊಸ ಪದ ಕಲಿಯಬೇಕಾಗಲಿಲ್ಲ. ಒಂದು ಶುಕ್ರವಾರ ಅವರ ಮನೆಯಿಂದ ದೊಡ್ಡ ತಟ್ಟೆ ಬಂತು. ಅನ್ನ, ಅದರ ಮೇಲೆ ಎಳೆ ಎಳೆಯಾಗಿ ಬಿಡಿಸಿದ ಕಂದು ಬಣ್ಣದ ಏನೋ ಒಂದು, ಜೊತೆಗೆ ಈರುಳ್ಳಿ, ನಿಂಬೆಹಣ್ಣು. ಅಮ್ಮಿ ಕೋಳಿ ಎಂದುಕೊಂಡರು. ತಟ್ಟೆ ತಂದ ಹುಡುಗ ‘ಅವಾಲ್’ ಎಂದ. ಕೇಳಿ ತಿಳಿದಾಗ ಅದು ಉಪ್ಪು ಹಾಕಿ ಒಣಗಿಸಿದ ಶಾರ್ಕ್. ನಮ್ಮ ಕರಾವಳಿಯವರು ತಾಟೆ ಎನ್ನುವ ಮೀನು.

ಅಮ್ಮಿ ತಟ್ಟೆಗೆ ಮುಚ್ಚಳ ಮುಚ್ಚಿದರು. ಊರಿನಿಂದ ಫೋನಿನಲ್ಲಿದ್ದ ದಾದಿ ‘ಮನುಷ್ಯರನ್ನು ತಿನ್ನುವ ಮೀನನ್ನು ಮನುಷ್ಯರು ತಿನ್ನುವುದೇ? ಹರಾಮ್ ಇರಬೇಕು’ ಎಂದರು. ಅಬ್ಬಾ ಮಾತ್ರ ಅವಸರ ಮಾಡಲಿಲ್ಲ. ತಮಗೆ ಗೊತ್ತಿದ್ದ ಮೌಲಾನಾ ಒಬ್ಬರಿಗೆ ಫೋನ್ ಮಾಡಿ ಕೇಳಿದರು. ಶಾರ್ಕ್ ಕೂಡ ಮೀನೇ, ನಮ್ಮ ಹನಫೀ ಪದ್ಧತಿಯಲ್ಲಿ ಮೀನು ತಿನ್ನಲು ಅಡ್ಡಿಯಿಲ್ಲ ಎಂದು ಅವರು ಹೇಳಿದರು. ಮುಚ್ಚಳ ತೆಗೆಯಲಾಯಿತು.

ವಾಸನೆಯ ವಿಷಯ ಮುಚ್ಚಿಡುವುದಿಲ್ಲ. ಅದಕ್ಕೆ ಖಾರವಾದ ಒಂದು ವಾಸನೆ ಇದೆ. ಶಾರ್ಕಿನ ಮೈಯಲ್ಲಿ ಯೂರಿಯಾ ಇರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಆಗಿ ಬದಲಾಯಿಸುತ್ತವೆ. ನಮ್ಮ ವಿಜ್ಞಾನ ವಿಭಾಗದ ಗೆಳೆಯರು ಪ್ರಯೋಗಾಲಯದಲ್ಲಿ ಮೂಸುವ ಅದೇ ಅಮೋನಿಯಾ. ಹಾಗಾಗಿಯೇ ಅದನ್ನು ಉಪ್ಪು ಹಾಕಿ ಬಿಸಿಲಿಗೆ ಒಣಗಿಸುತ್ತಾರೆ. ಅಡುಗೆಗೆ ಮುಂಚೆ ನೀರು ಬದಲಿಸುತ್ತ ನೆನೆಸಿ, ತೊಳೆದು, ಬೇಯಿಸಿ, ಎಳೆ ಬಿಡಿಸುತ್ತಾರೆ. ಆಮೇಲೆ ಈರುಳ್ಳಿ, ನಿಂಬೆರಸ. ಫ್ರಿಜ್ ಇಲ್ಲದ ಕಾಲದಲ್ಲಿ ಕಡಲ ತೀರದಿಂದ ಒಳನಾಡಿನವರೆಗೆ ಕೆಡದಂತೆ ಸಾಗಿಸಬಹುದಾಗಿದ್ದ ಆಹಾರ ಅದು. ಉಪ್ಪು, ಬಿಸಿಲು, ತಾಳ್ಮೆ ಇಷ್ಟರಿಂದ ತಯಾರಾದ ಬುತ್ತಿ.

ನಾನು ಒಂದು ತುತ್ತು ತಿಂದೆ. ಮೊದಲು ಉಪ್ಪು, ಆಮೇಲೆ ನಿಂಬೆಯ ಹುಳಿ, ಕೊನೆಗೆ ಅಗಿಯುತ್ತಾ ಹೋದಂತೆ ಒಣಮಾಂಸದಂಥ ಒಂದು ರುಚಿ. ಬಕ್ರೀದ್ ಆದ ಮೇಲೆ ನಮ್ಮ ಮನೆಗಳಲ್ಲಿ ಮಾಂಸಕ್ಕೆ ಉಪ್ಪು ಅರಿಸಿನ ಸವರಿ ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಾರಲ್ಲ, ಆ ನೆನಪು ತರುವ ರುಚಿ. ನನಗೆ ಹಿಡಿಸಿತು. ನನ್ನ ತಮ್ಮನಿಗೆ ಹಿಡಿಸಲಿಲ್ಲ, ಅವನು ಒಂದು ತುತ್ತಿಗೆ ನಿಲ್ಲಿಸಿದ. ಅಮ್ಮಿ ಮುಟ್ಟಲಿಲ್ಲ. ಆದರೆ ಮರುದಿನ ತಟ್ಟೆ ತೊಳೆದು, ಅದರ ತುಂಬ ತಾವು ಮಾಡಿದ ಶೀರ್ ಖುರ್ಮಾ ಹಾಕಿ ಖಾಲಾಗೆ ಕಳಿಸಿದರು. ತಿನ್ನದೆಯೂ ಪ್ರೀತಿ ಉಳಿಸಿಕೊಳ್ಳಬಹುದು ಎಂಬುದಕ್ಕೆ ಅಮ್ಮಿಯೇ ನನಗೆ ಉದಾಹರಣೆ.

‘ಹರಾಮ್’ ಬೇರೆ, ‘ಛೀ’ ಬೇರೆ

ದಾದಿಯ ಮಾತನ್ನು ಮತ್ತೊಮ್ಮೆ ಗಮನಿಸಿ. ಅವರಿಗೆ ಮೊದಲು ಬಂದದ್ದು ಅಸಹ್ಯ. ಅದರ ಬೆನ್ನಿಗೇ ‘ಹರಾಮ್ ಇರಬೇಕು’ ಬಂತು. ಇದು ದಾದಿಯೊಬ್ಬರ ಮಾತಲ್ಲ. ನಮಗೆ ಹಿಡಿಸದ್ದಕ್ಕೆಲ್ಲ ನಿಯಮದ ಮುದ್ರೆ ಒತ್ತುವ ಅಭ್ಯಾಸ ನಮ್ಮ ಅನೇಕ ಮನೆಗಳಲ್ಲಿದೆ. ಉರ್ದುವಿನಲ್ಲಿ ಅಸಹ್ಯಕ್ಕೆ ‘ಕರಾಹತ್’ ಎನ್ನುತ್ತೇವೆ. ಧರ್ಮಶಾಸ್ತ್ರದ ‘ಮಕ್ರೂಹ್’ ಕೂಡ ಅದೇ ಧಾತುವಿನಿಂದ ಹುಟ್ಟಿದ ಪದ. ಪದಗಳು ನೆಂಟರಾದ ಮಾತ್ರಕ್ಕೆ ನನ್ನ ಮೂಗಿನ ಕರಾಹತ್ ಶಾಸ್ತ್ರದ ಮಕ್ರೂಹ್ ಆಗುವುದಿಲ್ಲ.

ನಿಯಮ ಏನೆಂದು ಸರಳವಾಗಿ ಹೇಳುತ್ತೇನೆ. ಒಳನಾಡಿನ ಉರ್ದು ಮಾತಾಡುವ ಮನೆಗಳವರು ಹೆಚ್ಚಾಗಿ ಹನಫೀಗಳು. ಹನಫೀ ಪದ್ಧತಿಯಲ್ಲಿ ಕಡಲ ಜೀವಿಗಳ ಪೈಕಿ ಮೀನು ಮಾತ್ರ ಸಲ್ಲುತ್ತದೆ. ಬೊಂಡಾಸ, ಆಕ್ಟೋಪಸ್, ಚಿಪ್ಪಿನ ಜೀವಿಗಳು ಸಲ್ಲುವುದಿಲ್ಲ. ಸಿಗಡಿಯ ಬಗ್ಗೆ ಹನಫೀ ವಿದ್ವಾಂಸರಲ್ಲೇ ಎರಡು ಅಭಿಪ್ರಾಯಗಳಿವೆ. ಅದು ಮೀನೇ ಎಂದವರು ತಿನ್ನುತ್ತಾರೆ, ಅಲ್ಲ ಎಂದವರು ಬಿಡುತ್ತಾರೆ. ನಮ್ಮ ಮನೆಯಲ್ಲೇ ಅಬ್ಬಾ ತಿನ್ನುತ್ತಾರೆ, ದಾದಿ ತಿನ್ನುವುದಿಲ್ಲ, ಇಬ್ಬರೂ ಒಂದೇ ದಸ್ತರ್‌ಖಾನ್‌ಗೆ ಕೂರುತ್ತಾರೆ. ಇನ್ನು ಮಂಗಳೂರು ಕಡೆಯ ಬ್ಯಾರಿಗಳು, ಭಟ್ಕಳದ ನವಾಯತರು, ಕೇರಳದ ಮುಸ್ಲಿಮರು ಬಹುತೇಕ ಶಾಫಿಯೀಗಳು. ಸಲಾಲದ ಜನರೂ ಹೆಚ್ಚಾಗಿ ಶಾಫಿಯೀಗಳೇ. ಅವರ ಪದ್ಧತಿಯಲ್ಲಿ ಕಡಲ ಆಹಾರಕ್ಕೆ ಇರುವ ಬಾಗಿಲು ಇನ್ನೂ ಅಗಲ. ಬೊಂಡಾಸ ಅವರಿಗೆ ಸಲ್ಲುತ್ತದೆ. ಎರಡೂ ಪದ್ಧತಿಗಳಿಗೆ ಸಾವಿರ ವರ್ಷಗಳ ಓದು, ಚರ್ಚೆ, ಗೌರವ ಇದೆ.

ಸಲಾಲದ ಶಾಲೆಯಲ್ಲಿ ನನಗೊಬ್ಬ ಮಲಯಾಳಿ ಸಹಪಾಠಿ ಇದ್ದಳು. ಅವರ ಮನೆಗೆ ಊಟಕ್ಕೆ ಹೋದಾಗ ಅವಳ ಉಮ್ಮಾ ಬೊಂಡಾಸದ ರೋಸ್ಟ್ ಬಡಿಸಲು ಬಂದರು. ತೆಂಗಿನ ಚೂರು, ಕರಿಬೇವು, ಕರಿಮೆಣಸಿನ ಘಮ ಇಡೀ ಮನೆ ತುಂಬಿತ್ತು. ನಾನು ‘ಆಂಟಿ, ನಮ್ಮ ಮನೆಯವರು ಹನಫೀಗಳು, ಇದನ್ನು ತಿನ್ನುವುದಿಲ್ಲ. ಆದರೆ ವಾಸನೆ ತುಂಬ ಚೆನ್ನಾಗಿದೆ’ ಎಂದೆ. ಅವರು ಒಂದಿಷ್ಟೂ ಬೇಸರಪಡದೆ ಒಳಗೆ ಹೋಗಿ ಮೀನು ಹುರಿದು ತಂದರು. ಅಲ್ಲಿ ನನಗೆ ಬೇಡವೆನ್ನಲು ಕಾರಣ ಇತ್ತು, ‘ಛೀ’ ಎನ್ನಲು ಕಾರಣ ಇರಲಿಲ್ಲ. ಶಾರ್ಕ್ ನನಗೆ ಸಲ್ಲುತ್ತಿತ್ತು, ತಿಂದೆ. ಬೊಂಡಾಸ ಸಲ್ಲುತ್ತಿರಲಿಲ್ಲ, ಬಿಟ್ಟೆ. ವಾಸನೆಯನ್ನೇ ನಂಬಿದ್ದರೆ ಎರಡೂ ತಿರುವುಮುರುವಾಗುತ್ತಿತ್ತು.

ಪ್ರವಾದಿವರ್ಯರ(ಸ) ಜೀವನದಲ್ಲಿ ಇದಕ್ಕೆ ಎರಡು ಉದಾಹರಣೆಗಳಿವೆ. ಎರಡೂ ಹದೀಸ್ ಗ್ರಂಥಗಳಲ್ಲಿ ಪ್ರಸಿದ್ಧ. ಒಮ್ಮೆ ಅವರ ಮುಂದೆ ಮರುಭೂಮಿಯ ಉಡದಂಥ ಪ್ರಾಣಿಯನ್ನು ಸುಟ್ಟು ಬಡಿಸಲಾಯಿತು. ಅವರು ಕೈ ಹಿಂದೆಗೆದರು. ಇದು ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ಅಲ್ಲ, ತಮ್ಮ ಜನರ ನಾಡಿನಲ್ಲಿ ಇದು ಇರಲಿಲ್ಲವಾದ್ದರಿಂದ ತಮಗೆ ಮನಸ್ಸಾಗುತ್ತಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಖಾಲಿದ್(ರ) ಅದನ್ನು ಅವರ ಎದುರಿಗೇ ತಿಂದರು, ಅವರು ಸುಮ್ಮನೆ ನೋಡುತ್ತಿದ್ದರು. ತಮಗೆ ಹಿಡಿಸದ್ದನ್ನು ಅವರು ಹರಾಮ್ ಎಂದು ಕರೆಯಲಿಲ್ಲ, ತಿನ್ನುವವರನ್ನು ತಡೆಯಲೂ ಇಲ್ಲ.

ಎರಡನೆಯದು ಸಮುದ್ರದ್ದೇ. ಅಬೂ ಉಬೈದಾ(ರ) ಅವರ ನಾಯಕತ್ವದಲ್ಲಿ ಸುಮಾರು 300 ಜನ ಕಡಲ ತೀರಕ್ಕೆ ಹೋಗಿದ್ದಾಗ ಬುತ್ತಿ ಮುಗಿದು, ದಿನಕ್ಕೆ ತಲಾ ಒಂದು ಖರ್ಜೂರದ ಸ್ಥಿತಿ ಬಂತು. ಆಗ ದಡಕ್ಕೆ ಬಂದು ಬಿದ್ದಿದ್ದ ಅಂಬರ್ ಎಂಬ ಬೃಹತ್ ಮೀನು ಕಂಡಿತು. ನಾಯಕರು ಮೊದಲು ಹಿಂಜರಿದರು, ಯೋಚಿಸಿದರು, ಆಮೇಲೆ ತಿನ್ನಲು ಹೇಳಿದರು. ಹಲವು ದಿನ ಅದೇ ಅವರ ಆಹಾರವಾಯಿತು. ಮದೀನಾಕ್ಕೆ ಮರಳಿ ವಿಷಯ ಹೇಳಿದಾಗ ಪ್ರವಾದಿವರ್ಯರು(ಸ) ಉಳಿದದ್ದೇನಾದರೂ ಇದೆಯೇ ಎಂದು ಕೇಳಿ ತರಿಸಿಕೊಂಡು ತಿಂದರು. ಮನೆಯಿಂದ ದೂರ, ಕಂಡರಿಯದ ಮೀನು, ಮೊದಲ ಹಿಂಜರಿಕೆ. ನಾಳೆ ಹೊರದೇಶಕ್ಕೆ ಹೋಗುವ ನಮಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ?

ನಮಗಿಂತ ಮೊದಲೇ ಸುತ್ತಿದವರು

ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. 14ನೇ ಶತಮಾನದ ಇಬ್ನ್ ಬತೂತಾ ದೇಶ ಸುತ್ತಿ ಒಂದು ಕೋಶವನ್ನೇ ಬರೆಸಿದ. ಮೊರಾಕೊದವನಾದ ಆತ ದೋಫಾರಿಗೂ ಬಂದಿದ್ದ. ಅಲ್ಲಿನ ಪ್ರಾಣಿಗಳು ಸಾರ್ಡೀನ್ ತಿನ್ನುವುದನ್ನು ಕಂಡು, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ದಾಖಲಿಸಿದ್ದಾನೆ. ಸುಮಾರು ಏಳುನೂರು ವರ್ಷಗಳ ನಂತರ ನಾನು ಕಂಡದ್ದೂ ಅದನ್ನೇ.

ಆತ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿನ ಮುಸ್ಲಿಮರು ಶಾಫಿಯೀಗಳು ಎಂದೂ, ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು ಎಂದೂ ಬರೆದಿದ್ದಾನೆ. ಸುಲ್ತಾನನ ಮನೆಯಲ್ಲಿ ಅನ್ನ, ತುಪ್ಪ, ಮಾವಿನ ಉಪ್ಪಿನಕಾಯಿ, ಕೋಳಿ, ಮೀನು, ಕೊನೆಗೆ ಮಜ್ಜಿಗೆ ಬಡಿಸುತ್ತಿದ್ದ ಕ್ರಮವನ್ನೂ ವಿವರಿಸಿದ್ದಾನೆ. ರೊಟ್ಟಿ ತಿಂದು ಬೆಳೆದ ಆತನಿಗೆ ತಿಂಗಳುಗಟ್ಟಲೆ ಅನ್ನ ತಿಂದು ಸಾಕಾಗಿತ್ತು. ಮಲಬಾರ್, ಸಿಂಹಳ, ಮಾಲ್ಡೀವ್ಸ್ ಎಲ್ಲ ಸುತ್ತುವ ಹೊತ್ತಿಗೆ ಅನ್ನವನ್ನು ನೀರು ಕುಡಿದು ನುಂಗುವಂತಾಗಿತ್ತಂತೆ! ಮಾಲ್ಡೀವ್ಸ್‌ನ ಒಣಮೀನನ್ನೂ ಆತ ಬಿಡದೆ ವರ್ಣಿಸಿದ್ದಾನೆ. ಗೊಣಗಿದ್ದಾನೆ, ಆದರೂ ತಿಂದಿದ್ದಾನೆ. ಏನು ತಿಂದೆ, ಹೇಗೆ ಮಾಡುತ್ತಾರೆ ಎಂದು ಬರೆದಿಟ್ಟಿದ್ದಾನೆ. ಆತ ಮೂಗು ಮುಚ್ಚಿಕೊಂಡು ಹೋಗಿದ್ದರೆ ನಮ್ಮ ಹೊನ್ನಾವರದ ಊಟದ ಆ ವಿವರವೇ ನಮಗೆ ಸಿಗುತ್ತಿರಲಿಲ್ಲ.

ವಾಣಿಜ್ಯದ ಕಣ್ಣಿನಿಂದ

ವಾಣಿಜ್ಯ ವಿದ್ಯಾರ್ಥಿನಿಯಾಗಿ ಇನ್ನೊಂದು ಮಾತು. ಸಲಾಲದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ಹೋದರೆ ಮಿರ್ಬಾತ್ ಎಂಬ ಹಳೆಯ ಬಂದರು. ಅಲ್ಲಿಂದಾಚೆಯ ಕಲ್ಲು ತೀರದಲ್ಲಿ ಅಬಲೋನಿ ಎಂಬ ಚಿಪ್ಪಿನ ಜೀವಿ ಸಿಗುತ್ತದೆ. ಅವರು ಅದನ್ನು ‘ಸುಫೈಲಹ್’ ಎನ್ನುತ್ತಾರೆ. ಮುಳುಗುಗಾರರು ಉಸಿರು ಬಿಗಿಹಿಡಿದು ನೀರಿಗಿಳಿದು, ಬಂಡೆಗೆ ಕಚ್ಚಿಕೊಂಡ ಚಿಪ್ಪನ್ನು ಕಿತ್ತು ತರುತ್ತಾರೆ. ವರ್ಷದಲ್ಲಿ ಕೆಲವೇ ದಿನ ಅದಕ್ಕೆ ಅನುಮತಿ. ಒಂಬತ್ತು ಸೆಂಟಿಮೀಟರ್‌ಗಿಂತ ಸಣ್ಣ ಚಿಪ್ಪನ್ನು ತೆಗೆಯುವಂತಿಲ್ಲ. ಸಂತತಿ ಕುಗ್ಗಿದಾಗ ಸರಕಾರ ಇಡೀ ಹಂಗಾಮನ್ನೇ ರದ್ದು ಮಾಡಿದ್ದೂ ಉಂಟು. ಸಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ಒಣಗಿ ಪೂರ್ವ ಏಷ್ಯಾದ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ಅದು ಮದುವೆ, ಹಬ್ಬಗಳ ದುಬಾರಿ ಭಕ್ಷ್ಯ. ನಮ್ಮ ಕಣ್ಣಿಗೆ ಅದು ಬಂಡೆಗೆ ಅಂಟಿದ ಬಸವನಹುಳು.

ನಮ್ಮ ದೇಶದ್ದೂ ಇದೇ ಕತೆ. 2023–24ರಲ್ಲಿ ಭಾರತ 17.81 ಲಕ್ಷ ಟನ್ ಸಮುದ್ರ ಉತ್ಪನ್ನಗಳನ್ನು ರಫ್ತು ಮಾಡಿ 60,523 ಕೋಟಿ ರೂಪಾಯಿ ಗಳಿಸಿತು. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಶೈತ್ಯೀಕರಿಸಿದ ಸಿಗಡಿಯದ್ದು. ಉಳಿದದ್ದರಲ್ಲಿ ಬೊಂಡಾಸವೂ ಇದೆ. ಮಂಗಳೂರು, ಮಲ್ಪೆ ಬಂದರಿಗೆ ಬರುವ ಬೊಂಡಾಸ ಐಸ್ ಪೆಟ್ಟಿಗೆ ಸೇರಿ, ಕಾರ್ಖಾನೆಯಲ್ಲಿ ಶುಚಿಯಾಗಿ, ಕಂಟೇನರ್ ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಅದನ್ನು ಹಿಡಿಯುವವರು, ಸೀಳುವವರು, ತೂಗುವವರು, ಇನ್‌ವಾಯ್ಸ್ ಬರೆಯುವವರು ನಮ್ಮವರೇ. ನಮ್ಮಲ್ಲಿ ಯಾರಾದರೂ ನಾಳೆ ಅಂಥ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಬಹುದು. ಗಿರಾಕಿ ಆಸೆಪಟ್ಟು ಕೊಳ್ಳುವ ಸರಕನ್ನು ಅಸಹ್ಯದಿಂದ ನೋಡುವವರು ವ್ಯಾಪಾರ ಮಾಡುವುದು ಹೇಗೆ? ನಾನೇ ತಿನ್ನಬೇಕಿಲ್ಲ. ಅದಕ್ಕೆ ಬೆಲೆ ಯಾಕಿದೆ ಎಂದು ಅರ್ಥ ಮಾಡಿಕೊಂಡರೆ ಸಾಕು.

ಹಾಗೆಂದು ಕಣ್ಣು ಮುಚ್ಚಿ ತಿನ್ನಬೇಡಿ

ಧೈರ್ಯ ಬೇರೆ, ಹುಂಬತನ ಬೇರೆ. ಚಿಪ್ಪಿನ ಜೀವಿಗಳು, ಸಿಗಡಿ, ಕೆಲವು ಮೀನುಗಳು ಕೆಲವರಿಗೆ ಅಲರ್ಜಿ ಮಾಡುತ್ತವೆ. ಮೊದಲ ಸಲ ತಿನ್ನುವಾಗ ಸ್ವಲ್ಪವೇ ತಿನ್ನಿ. ತುಟಿ ತುರಿಸಿದರೆ, ಮುಖ ಊದಿಕೊಂಡರೆ, ಉಸಿರಾಟಕ್ಕೆ ತೊಂದರೆಯಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಎಲ್ಲಿಯ ಮೀನು, ಎಂದಿನದು ಎಂದು ಆ ಊರಿನವರನ್ನೇ ಕೇಳಿ, ಅವರು ತಿನ್ನುವ ರೀತಿಯಲ್ಲೇ ತಿನ್ನಿ. ಒಣ ಶಾರ್ಕನ್ನು ನೆನೆಸದೆ ಬೇಯಿಸಿದರೆ ಅಮ್ಮಿ ಹೇಳಿದ ‘ಛೀ’ ನಿಜವೇ ಆದೀತು!

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಈ ಜೀವಿ ನಾಳೆಗೂ ಉಳಿಯುತ್ತದೆಯೇ? ಜಗತ್ತಿನ ಅನೇಕ ಜಾತಿಯ ಶಾರ್ಕ್‌ಗಳ ಸಂಖ್ಯೆ ಇಳಿದಿದೆ. ನಮ್ಮ ದೇಶದಲ್ಲಿ ವೇಲ್ ಶಾರ್ಕ್ ಅನ್ನು 2001ರಿಂದ ವನ್ಯಜೀವಿ ಕಾಯ್ದೆಯಡಿ ರಕ್ಷಿಸಲಾಗಿದೆ. ಕಾನೂನು ಬೇಡವೆಂದದ್ದನ್ನು ‘ಹೊಸ ರುಚಿ’ ಎಂದು ಹುಡುಕಿಕೊಂಡು ಹೋಗುವುದು ತಪ್ಪು. ನೆರೆಮನೆಯವರು ಪ್ರೀತಿಯಿಂದ ಕಳಿಸಿದ ಒಂದು ತಟ್ಟೆ ಬೇರೆ, ಫೋಟೊ ಹಾಕಿ ಹೆಚ್ಚುಗಾರಿಕೆ ತೋರಿಸಲು ಅಪರೂಪದ ಜೀವಿಯನ್ನು ತರಿಸುವುದು ಬೇರೆ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಇದೆಯಲ್ಲ, ಹೊಸದನ್ನು ತಿನ್ನಲೇಬೇಕು ಎಂದು ನೀನೇಕೆ ಒತ್ತಾಯ ಮಾಡುತ್ತೀ ಎಂದು ಕೆಲವರು ಕೇಳಬಹುದು. ಒತ್ತಾಯ ಖಂಡಿತ ಇಲ್ಲ. ಊಟ ತನ್ನಿಚ್ಛೆ ಎಂಬ ಮಾತು ತಿನ್ನದವರಿಗೆ ಎಷ್ಟು ಅನ್ವಯಿಸುತ್ತದೋ ತಿನ್ನುವವರಿಗೂ ಅಷ್ಟೇ ಅನ್ವಯಿಸುತ್ತದೆ. ಪರದೇಶದ ಊಟ ತಿಂದರೆ ನಮ್ಮತನ ಕಳೆದುಹೋಗುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಮೂರು ವರ್ಷ ಸಲಾಲದಲ್ಲಿದ್ದು ಅವಾಲ್ ತಿಂದ ನನಗೆ ಇವತ್ತಿಗೂ ದಾದಿಯ ಕೈಯ ಖಟ್ಟಿ ದಾಲ್ ಮತ್ತು ಖೀಮಾ ಮುಂದೆ ಯಾವುದೂ ಇಲ್ಲ. ಅಷ್ಟು ಸುಲಭಕ್ಕೆ ಕಳೆದುಹೋಗುವ ನಮ್ಮತನ ನಮ್ಮದಲ್ಲ.

ನಮ್ಮ ಹಾಸ್ಟೆಲಿನ ಮಾತು

ಇದನ್ನೆಲ್ಲ ಈಗ ಬರೆಯಲು ಕಾರಣ ಸಲಾಲ ಒಂದೇ ಅಲ್ಲ. ನಮ್ಮ ಹಾಸ್ಟೆಲಿನಲ್ಲಿ ಕರಾವಳಿಯಿಂದ ಬಂದ ವಿದ್ಯಾರ್ಥಿನಿಯರಿದ್ದಾರೆ. ಅವರ ಪಾಲಿಗೆ ನಮ್ಮ ಊರೇ ಪರದೇಶ. ರಜೆ ಮುಗಿಸಿ ಬರುವಾಗ ಅವರ ಮನೆಯವರು ಒಣ ಸಿಗಡಿ ಚಟ್ನಿ ಮಾಡಿ ಡಬ್ಬಿಗೆ ತುಂಬಿ ಕೊಡುತ್ತಾರೆ. ಈ ವರ್ಷ ಅವರಲ್ಲೊಬ್ಬಳ ಡಬ್ಬಿಯನ್ನು ಯಾರೋ ಕೋಣೆಯಿಂದ ಎತ್ತಿ ಚಪ್ಪಲಿ ಬಿಡುವ ಜಾಗದಲ್ಲಿಟ್ಟಿದ್ದರು. ಅವಳು ಜಗಳ ಮಾಡಲಿಲ್ಲ. ಮುಂದಿನ ರಜೆಯಿಂದ ಡಬ್ಬಿ ತರುವುದನ್ನೇ ಬಿಟ್ಟಳು. ನನಗೆ ಜಗಳಕ್ಕಿಂತ ಆ ಮೌನವೇ ಹೆಚ್ಚು ನೋವು ಕೊಟ್ಟಿತು.

ನಾವು ಯಾರು ಎಂದು ಒಮ್ಮೆ ನೆನಪಿಸಿಕೊಳ್ಳೋಣ. ಕುರಿಯ ತಲೆ, ಕಾಲು, ಕರುಳು, ಮಿದುಳು ಎಲ್ಲವನ್ನೂ ಪಾಯಾ, ಬೋಟಿ, ಭೇಜಾ ಎಂದು ಚಪ್ಪರಿಸುವವರು ನಾವು. ಅದನ್ನು ಕಂಡು ಮುಖ ತಿರುಗಿಸುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಾಡಿಗೆ ಮನೆ ಕೇಳಲು ಹೋದಾಗ ‘ನಾನ್‌ವೆಜ್ ಮಾಡ್ತೀರಾ?’ ಎಂಬ ಪ್ರಶ್ನೆಗೆ ನಮ್ಮ ಅಬ್ಬಾಂದಿರು ತಲೆತಗ್ಗಿಸಿ ನಿಂತದ್ದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಟಿಫನ್ ಡಬ್ಬಿ ತೆರೆದಾಗ ಪಕ್ಕದವರು ದೂರ ಸರಿದ ಅನುಭವವೂ ಕೆಲವರಿಗಿದೆ. ಆ ನೋವು ಗೊತ್ತಿರುವ ನಾವೇ ಇನ್ನೊಬ್ಬರ ಡಬ್ಬಿಯನ್ನು ಚಪ್ಪಲಿಯ ಪಕ್ಕದಲ್ಲಿಟ್ಟರೆ, ನಮ್ಮ ದೂರಿಗೆ ಯಾವ ಬೆಲೆ ಉಳಿಯುತ್ತದೆ?

ವಾಸನೆ ನಿಜವಾದ ತೊಂದರೆಯೇ ಆಗಿದ್ದರೆ ಅದಕ್ಕೆ ಪರಿಹಾರ ಸುಲಭ. ವಾರ್ಡನ್ ಮೇಡಂ ಅವರಲ್ಲಿ ನನ್ನ ವಿನಂತಿ: ಮೆಸ್ಸಿನಲ್ಲಿ ಒಂದು ಕಪಾಟು ಕೊಡಿ. ಮನೆಯಿಂದ ತಂದ ಉಪ್ಪಿನಕಾಯಿ, ಒಣಮೀನು, ತುಪ್ಪ ಎಲ್ಲವೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೆಸರು ಬರೆದು ಅಲ್ಲೇ ಇರಲಿ. ಕೋಣೆಯಲ್ಲಿ ಮಲಗುವವರಿಗೂ ತೊಂದರೆಯಿಲ್ಲ, ತಂದವರಿಗೂ ಅವಮಾನವಿಲ್ಲ.

ಪ್ರಾಂಶುಪಾಲರಲ್ಲಿ ಮತ್ತು ನಮ್ಮ ವಿಭಾಗದ ಉಪನ್ಯಾಸಕರಲ್ಲಿ ಇನ್ನೊಂದು ವಿನಂತಿ. ಪ್ರತಿ ವರ್ಷ ವಾಣಿಜ್ಯ ವಿಭಾಗ ನಡೆಸುವ ಆಹಾರ ಮೇಳದಲ್ಲಿ ಬಿರಿಯಾನಿ, ಕಬಾಬ್, ಪಾನಿಪುರಿ ಮಳಿಗೆಗಳೇ ತುಂಬಿರುತ್ತವೆ. ಈ ಸಲ ಒಂದು ಮಳಿಗೆ ಕರಾವಳಿಯ ವಿದ್ಯಾರ್ಥಿನಿಯರಿಗೆ ಇರಲಿ. ಪ್ರತಿ ತಿಂಡಿಯ ಮುಂದೆ ಒಂದು ಚೀಟಿ ಅಂಟಿಸೋಣ: ಇದು ಮೀನು, ಇದು ಸಿಗಡಿ, ಇದು ಬೊಂಡಾಸ ಎಂದು. ಹನಫೀಗಳು ತಮಗೆ ಸಲ್ಲುವುದನ್ನು ಆರಿಸಿಕೊಳ್ಳುತ್ತಾರೆ, ಅಲರ್ಜಿ ಇರುವವರು ಎಚ್ಚರ ವಹಿಸುತ್ತಾರೆ, ಉಳಿದವರು ರುಚಿ ನೋಡುತ್ತಾರೆ. ಖರ್ಚು, ಮಾರಾಟ, ಲಾಭದ ಲೆಕ್ಕ ಬರೆಯುವ ಕೆಲಸಕ್ಕೆ ನಾನು ಈಗಲೇ ನನ್ನ ಹೆಸರು ಕೊಡುತ್ತೇನೆ. ಇಲ್ಲಿ ಗೆಳತಿಯ ತಟ್ಟೆಯ ಮುಂದೆ ಕೂರಲು ಕಲಿತವರಿಗೆ ನಾಳೆ ಮಸ್ಕತ್, ದುಬೈ, ದಮ್ಮಾಮ್ ಎಲ್ಲೇ ಹೋದರೂ ನೆರೆಮನೆಯ ತಟ್ಟೆ ಅಪರಿಚಿತ ಎನಿಸುವುದಿಲ್ಲ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ